ಬಕೆಟ್ಟಿಗೆ ಬಿಲ್ ಎಲ್ಲಿ?

ಎಕ್ಸೆಲ್ ಹಾಳೆಯ 27ನೇ ಸಾಲು. "ಮೊದಲ ತಿಂಗಳ ಖರ್ಚು, ಒಬ್ಬರಿಗೆ 4,500 ರೂಪಾಯಿ" ಎಂದು ಬರೆದಿದ್ದೆ. ನಾವು ದುಡ್ಡು ಕೇಳಿದ್ದ ಬೆಂಗಳೂರಿನ ಕಂಪನಿಗೆ ಹೋಗಿ ವಾಪಸ್ ಬಂದ ಹಾಳೆಯಲ್ಲಿ ಆ ಸಾಲಿನ ಮೇಲೆ ಕೆಂಪು ಗೆರೆ. ಪಕ್ಕದಲ್ಲಿ ಒಂದು ಟಿಪ್ಪಣಿ: "ಇದು ತರಬೇತಿಯ ಖರ್ಚಲ್ಲ." ಉಳಿದದ್ದೆಲ್ಲ ಪಾಸಾಗಿತ್ತು. ಟ್ರೇನರ್ ಸಂಬಳ, ಕಟ್ಟಡದ ಬಾಡಿಗೆ, ಕಂಪ್ಯೂಟರ್, ಬ್ಯಾನರ್, ಉದ್ಘಾಟನೆ ದಿನದ ಊಟ, ಟೀ ಶರ್ಟ್. ಟೀ ಶರ್ಟಿನ ಮೇಲೆ ಅವರ ಲೋಗೋ ಬರುತ್ತಿತ್ತು. ಅದರ ಬಗ್ಗೆ ಯಾರೂ ಒಂದು ಮಾತೂ ಕೇಳಲಿಲ್ಲ.

ಇದು 2022ರ ಮಾತು. ಕೊಪ್ಪಳ ಜಿಲ್ಲೆಯ ಒಂದು ಸಣ್ಣ ಟ್ರಸ್ಟಿನಲ್ಲಿ ನನ್ನದು ಪ್ರಪೋಸಲ್ ಬರೆಯುವ ಕೆಲಸ. ಪಿಯುಸಿ, ಐಟಿಐ, ಅರ್ಧಕ್ಕೆ ಬಿಟ್ಟ ಡಿಗ್ರಿ, ಹೀಗೆ ಎಲ್ಲೋ ನಿಂತುಹೋದ ಹುಡುಗ ಹುಡುಗಿಯರಿಗೆ ಮೂರು ತಿಂಗಳು ತರಬೇತಿ ಕೊಟ್ಟು ಕೆಲಸಕ್ಕೆ ಕಳಿಸುತ್ತೇವೆ. ಅದಕ್ಕೆ ದುಡ್ಡು ಬೇಕು. ದುಡ್ಡು ತರುವವಳು ನಾನು. ನನ್ನನ್ನು ಯಾರಾದರೂ ಏನು ಕೆಲಸ ಅಂತ ಕೇಳಿದರೆ ಅಮ್ಮ ಮುಂದೆ ಬಂದು "ಅರ್ಜಿ ಬರೀತಾಳ" ಅಂತಾರೆ. ತಪ್ಪೇನಿಲ್ಲ.

ಆ 27ನೇ ಸಾಲನ್ನು ನಾನು ಸುಮ್ನೆ ಬರೆದಿರಲಿಲ್ಲ. ಅದರ ಹಿಂದೆ ಒಬ್ಬ ಹುಡುಗ ಇದ್ದ. ಕುಷ್ಟಗಿ ಕಡೆಯವನು. ಹಿಂದಿನ ಬ್ಯಾಚಿನಲ್ಲಿ ಎಲ್ಲರಿಗಿಂತ ಚುರುಕು. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಆಫರ್ ಲೆಟರ್ ಹಿಡಿದು ಫೋಟೋ ತೆಗೆಸಿಕೊಂಡ. ಹಂಪಿ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ಹೊರಟ. ಜೇಬಿನಲ್ಲಿ ಎರಡು ಸಾವಿರ ರೂಪಾಯಿ, ಚೀಲದಲ್ಲಿ ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಹಿಂಡಿ.

ಹದಿನೆಂಟನೇ ದಿನ ಫೋನ್ ಬಂತು.

"ಅಕ್ಕಾರ, ನಾ ಊರಿಗಿ ಬಂದೀನ್ರಿ."

ಯಾಕೋ ಅಂದೆ.

"ಪಗಾರ ಮುಂದಿನ ತಿಂಗಳ ಹತ್ತನೇ ತಾರೀಖಿಗಂತ್ರಿ. ರೂಮಿನಾಗಿದ್ದವರು ನಿನ್ನ ಪಾಲಿನ ಅಡ್ವಾನ್ಸ್ ಕೊಡು ಅಂದ್ರು. ರೊಟ್ಟಿ ತೀರಿದ ಮ್ಯಾಲ ಎರಡ ದಿನಾ ಬರೇ ಬನ್ನು ತಿಂದೆ. ಯಾರನ್ನ ಕೇಳೂದ್ರಿ ಅಲ್ಲಿ?"

ಫೋನ್ ಇಟ್ಟು ಲೆಕ್ಕ ಹಾಕಿದೆ. ನಾಲ್ಕನೇ ತಾರೀಖು ಕೆಲಸಕ್ಕೆ ಸೇರಿದ್ದ. ಮೊದಲ ಸಂಬಳ ಮುಂದಿನ ತಿಂಗಳ ಹತ್ತಕ್ಕೆ. ಮೂವತ್ತಾರು ದಿನ. ಫ್ಯಾಕ್ಟರಿಯದ್ದೇನೂ ತಪ್ಪಿಲ್ಲ. ಆಗ ಜಾರಿಯಲ್ಲಿದ್ದ 1936ರ ವೇತನ ಪಾವತಿ ಕಾಯ್ದೆಯ ಪ್ರಕಾರ ಸಾವಿರಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆ ಏಳನೇ ತಾರೀಖಿನೊಳಗೆ, ಅದಕ್ಕಿಂತ ಜಾಸ್ತಿ ಇದ್ದರೆ ಹತ್ತರೊಳಗೆ ಸಂಬಳ ಕೊಟ್ಟರೆ ಸಾಕು. ಎಲ್ಲರೂ ಕಾನೂನಿನಂತೆಯೇ ನಡೆದಿದ್ದರು. ಹುಡುಗ ಮಾತ್ರ ಬನ್ನು ತಿಂದಿದ್ದ.

ನನಗೆ ಈಗಲೂ ಮುಜುಗರ ಆಗುವ ವಿಷಯ ಬೇರೆ ಇದೆ. ನಾವು ದಾನಿಗಳಿಗೆ ಕಳಿಸಿದ ವರದಿಯಲ್ಲಿ ಅವನ ಹೆಸರಿನ ಮುಂದೆ "ಪ್ಲೇಸ್ಡ್" ಅಂತಲೇ ಇತ್ತು. ಹಸಿರು ಬಣ್ಣದಲ್ಲಿ. ಅವರು ಕೇಳಿದ್ದು ಆಫರ್ ಲೆಟರಿನ ಪ್ರತಿ. ಅದು ನಮ್ಮ ಹತ್ತಿರ ಇತ್ತು. ಆ ಬ್ಯಾಚಿನಲ್ಲಿ ಕೆಲಸಕ್ಕೆ ಹೋದವರು 26. ಮೂರು ತಿಂಗಳಾದ ಮೇಲೆ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಕೆಲಸದಲ್ಲಿ ಉಳಿದಿದ್ದವರು 11. ಈ ಸಂಖ್ಯೆ ಯಾವ ವರದಿಯಲ್ಲೂ ಇಲ್ಲ, ಯಾಕಂದ್ರೆ ಯಾರೂ ಕೇಳಿರಲಿಲ್ಲ. ಕೇಳದೇ ಇದ್ದದ್ದನ್ನು ನಾವೂ ಹೇಳಲಿಲ್ಲ.

ಈಗ ಸ್ವಲ್ಪ ಕಾಗದದ ಕತೆ ಹೇಳುತ್ತೇನೆ. ಈ ದಾರಿಗೆ ಹೊಸದಾಗಿ ಬರುವವರು ಎಡವುವುದು ಇಲ್ಲೇ.

ನಮ್ಮ ಟ್ರಸ್ಟಿನ ಕಾರ್ಯದರ್ಶಿ ಒಬ್ಬ ನಿವೃತ್ತ ಹೈಸ್ಕೂಲ್ ಮಾಸ್ತರರು. ಅವರ ಹತ್ತಿರ ಹಸಿರು ರೆಕ್ಸಿನ್ ಚೀಲ ಒಂದಿದೆ. ಟ್ರಸ್ಟ್ ಡೀಡ್, ಪ್ಯಾನ್, ತೆರಿಗೆ ವಿನಾಯಿತಿಯ 12ಎ, 80ಜಿ ಪತ್ರ, ನೀತಿ ಆಯೋಗದ ದರ್ಪಣ್ ಪೋರ್ಟಲಿನ ನಂಬರ್, ಮೂರು ವರ್ಷದ ಆಡಿಟ್ ವರದಿ ಎಲ್ಲ ಅದರೊಳಗೆ. "ಮನಿಗೆ ಬೆಂಕಿ ಬಿದ್ರ ಮೊದ್ಲ ಈ ಚೀಲ ಹೊರಗ ಒಗೀಬೇಕು ನೋಡವಾ" ಅನ್ನುತ್ತಾರೆ. 2021ರಲ್ಲಿ ಅವರ ನಿದ್ದೆ ಕೆಟ್ಟಿತು. ಹಳೆಯ 12ಎ, 80ಜಿ ಇದ್ದವರೆಲ್ಲ ಹೊಸದಾಗಿ ಅರ್ಜಿ ಹಾಕಿ ಐದು ವರ್ಷದ ಮಾನ್ಯತೆ ಪಡೆಯಬೇಕಾಯಿತು. ಅದೇ ಏಪ್ರಿಲ್ 1ರಿಂದ ಕಂಪನಿಗಳ ಸಿಎಸ್‌ಆರ್ ಹಣ, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹಣ, ಪಡೆಯುವ ಸಂಸ್ಥೆಗಳು ಸಿಎಸ್‌ಆರ್-1 ಎಂಬ ಫಾರ್ಮ್ ತುಂಬಿ ನೋಂದಣಿ ನಂಬರ್ ಪಡೆಯಬೇಕು ಅಂತಾಯಿತು. ನಮ್ಮ ಪ್ಯಾನ್ ಕಾರ್ಡಿನಲ್ಲಿ ಟ್ರಸ್ಟಿನ ಇಂಗ್ಲಿಷ್ ಹೆಸರಿಗೆ ಒಂದು "ಎ" ಜಾಸ್ತಿ ಬಿದ್ದಿತ್ತು. ಹದಿನಾಲ್ಕು ವರ್ಷ ಯಾರಿಗೂ ಕಾಣದ ಆ "ಎ" ಆಗ ಕಂಡಿತು. ಅದನ್ನು ತೆಗೆಸಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳಲ್ಲಿ ಒಂದು ಅನುದಾನ ಕೈತಪ್ಪಿತು.

ಸಿಎಸ್‌ಆರ್ ಕಾನೂನು ಗೊತ್ತಿರುವವರು ಮುಂದಿನ ಪ್ಯಾರಾ ಬಿಡಬಹುದು.

2013ರ ಕಂಪನಿ ಕಾಯ್ದೆಯ 135ನೇ ಕಲಂ. ಜಾರಿಗೆ ಬಂದದ್ದು 2014ರ ಏಪ್ರಿಲ್ 1ಕ್ಕೆ. ನಿವ್ವಳ ಆಸ್ತಿ 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ, ಇವುಗಳಲ್ಲಿ ಯಾವುದಾದರೂ ಒಂದು ಅಳತೆ ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2 ಪರ್ಸೆಂಟ್ ಸಮಾಜಕ್ಕೆ ಖರ್ಚು ಮಾಡಬೇಕು. ಯಾವುದಕ್ಕೆಲ್ಲ ಖರ್ಚು ಮಾಡಬಹುದು ಎಂಬ ಪಟ್ಟಿ ಏಳನೇ ಶೆಡ್ಯೂಲಿನಲ್ಲಿದೆ. ಶಿಕ್ಷಣದ ಜತೆಗೇ ಉದ್ಯೋಗಕ್ಕೆ ನೆರವಾಗುವ ಕೌಶಲ ತರಬೇತಿಯೂ ಅದರಲ್ಲಿ ಇದೆ. ಹಾಗಾಗಿ ನಮ್ಮಂಥವರಿಗೆ ಬಾಗಿಲು ತೆರೆದಂತಾಯಿತು. ಆದರೆ ಅದೇ ಕಾಯ್ದೆ ಕಂಪನಿ ತನ್ನ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತಲೂ ಹೇಳುತ್ತದೆ. ಕಂಪನಿಗಳ ಆಫೀಸು ಬೆಂಗಳೂರಿನಲ್ಲಿ. ಕೆಲಸ ಇಲ್ಲದ ಹುಡುಗರು ಕುಷ್ಟಗಿ, ಯಲಬುರ್ಗಾ, ಕನಕಗಿರಿಯಲ್ಲಿ. ಮೊದಮೊದಲು ಪ್ರತಿ ಮೀಟಿಂಗಿನಲ್ಲೂ ಒಂದೇ ಪ್ರಶ್ನೆ: "ಕೊಪ್ಪಳ ನಮ್ಮ ಜಿಯೋಗ್ರಫಿಯಲ್ಲಿ ಬರಲ್ವಲ್ಲ ಮೇಡಂ?" ಕೊನೆಗೆ ನಾನೊಂದು ಉತ್ತರ ಕಲಿತೆ. "ನಿಮ್ಮ ಪಕ್ಕದ ಶೆಡ್ಡಿನಲ್ಲಿ ಮೆಷಿನ್ ನಡೆಸುತ್ತಿರುವವರು ನಮ್ಮೂರಿನವರೇ ಸರ್. ಅವರು ಎಲ್ಲಿಯವರು ಅಂತ ಒಂದ್ಸಲ ಕೇಳಿ ನೋಡಿ." ಒಬ್ಬರು ನಿಜಕ್ಕೂ ಕೇಳಿದರು. ತಮ್ಮ ಸೆಕ್ಯುರಿಟಿಯವನನ್ನು. ಅವನು ಗಂಗಾವತಿಯವನಾಗಿದ್ದ.

ಮಾರ್ಚ್ ತಿಂಗಳ ಬಗ್ಗೆಯೂ ಹೇಳಲೇಬೇಕು. ಇಡೀ ವರ್ಷ ಮೇಲ್‌ಗೆ ಉತ್ತರ ಕೊಡದವರು ಫೆಬ್ರವರಿ ಕೊನೆಗೆ ಫೋನ್ ಮಾಡುತ್ತಾರೆ. "ಮಾರ್ಚ್ 31ರೊಳಗೆ ಯುಸಿ ಕೊಡ್ತೀರಾ?" ಯುಸಿ ಅಂದರೆ ಯುಟಿಲೈಸೇಶನ್ ಸರ್ಟಿಫಿಕೇಟ್. ಹಣ ಖರ್ಚಾಗಿದೆ ಎಂದು ಸಿಎ ಸಹಿ ಹಾಕಿ ಕೊಡುವ ಪತ್ರ. ತಿಂಗಳಲ್ಲಿ ಮೂರು ತಿಂಗಳ ತರಬೇತಿ ಮುಗಿಸಿ ಯುಸಿ ಕೊಡುವುದು ಹೇಗೆ? ಹೊಲಿಗೆ ಮೆಷಿನ್ ತಗೊಂಡರೆ ಆಗುತ್ತದೆ. ಕಂಪ್ಯೂಟರ್ ತಗೊಂಡರೆ ಆಗುತ್ತದೆ. ಅದಕ್ಕೇ ನಮ್ಮ ಕಡೆ ಎಷ್ಟೋ ಸಂಸ್ಥೆಗಳ ಕೋಣೆಗಳಲ್ಲಿ ಪ್ಲಾಸ್ಟಿಕ್ ಕವರ್ ಹೊದ್ದ ಹೊಲಿಗೆ ಮೆಷಿನ್‌ಗಳು ಸಾಲಾಗಿ ನಿಂತಿವೆ. ಕಲಿಸುವವರಿಗೆ ಸಂಬಳ ಕೊಡುವ ಸಾಲು ಬಜೆಟ್‌ನಲ್ಲಿ ಇರುವುದಿಲ್ಲ. 2021ರ ತಿದ್ದುಪಡಿಯ ನಂತರ, ನಡೆಯುತ್ತಿರುವ ಯೋಜನೆಯ ಉಳಿದ ಹಣವನ್ನು ಬೇರೆ ಖಾತೆಗೆ ಹಾಕಿಟ್ಟು ಮೂರು ವರ್ಷದೊಳಗೆ ಖರ್ಚು ಮಾಡಲು ಅವಕಾಶ ಇದೆ. ಹಾಗಿದ್ದರೂ ಮಾರ್ಚಿನ ಗಡಿಬಿಡಿ ಪೂರ್ತಿ ಹೋಗಿಲ್ಲ.

ಇನ್ನೊಂದು, 5 ಪರ್ಸೆಂಟಿನ ತಕರಾರು. ಆಡಳಿತ ವೆಚ್ಚ ಸಿಎಸ್‌ಆರ್ ಖರ್ಚಿನ 5 ಪರ್ಸೆಂಟ್ ಮೀರಬಾರದು ಎಂಬ ನಿಯಮ ಇದೆ. ಅದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸುವ ಖರ್ಚಿಗೆ ಹಾಕಿದ ಮಿತಿ. ಯೋಜನೆ ನಡೆಸಲು, ಅದರ ಮೇಲೆ ನಿಗಾ ಇಡಲು ಆಗುವ ಖರ್ಚು ಅದರಲ್ಲಿ ಬರುವುದಿಲ್ಲ. ಆದರೂ ಅದನ್ನು ನಮ್ಮ ತಲೆಗೆ ಕಟ್ಟುವವರು ಬಹಳ. ನಮ್ಮ ಲೆಕ್ಕಿಗನ ಸಂಬಳ, ಫೋನ್ ಬಿಲ್, ಫಾಲೋಅಪ್ ಮಾಡುವ ಹುಡುಗಿಯ ಬಸ್ ಚಾರ್ಜು ಎಲ್ಲ ಸೇರಿ 5 ಪರ್ಸೆಂಟಿನೊಳಗೆ ಇರಬೇಕಂತೆ. ನಿಯಮದ ಪ್ರಿಂಟ್ ತಗೊಂಡು ಹೋಗಿ ತೋರಿಸಿದ್ದೇನೆ. "ನಮ್ಮ ಪಾಲಿಸಿ ಹಾಗಿದೆ ಮೇಡಂ" ಅಂದರು. ಪಾಲಿಸಿ ಎಂಬ ಶಬ್ದ ಬಂದ ಮೇಲೆ ಮಾತು ಮುಗಿದಂತೆ.

ಹಾಗಾದರೆ ಸರ್ಕಾರದ ಯೋಜನೆಗೆ ಯಾಕೆ ಹೋಗಲಿಲ್ಲ ಅಂತ ಕೇಳಬಹುದು. ಹೋಗಿದ್ದೆವು. ಮಾರ್ಗಸೂಚಿ ಓದಿಕೊಂಡು ವಾಪಸ್ ಬಂದೆವು. ಕೇಂದ್ರ ಸರ್ಕಾರ 2015ರಲ್ಲಿ ಕೌಶಲ ತರಬೇತಿಗೆಲ್ಲ ಒಂದೇ ದರಪಟ್ಟಿ, ಒಂದೇ ನಿಯಮ ಎಂದು ಸಾಮಾನ್ಯ ಮಾನದಂಡ ತಂದಿತು. ಮೇಲಿನ ದರ್ಜೆಯ ಕಸುಬಿಗೆ ಆಗ ಕಲಿಯುವ ಒಬ್ಬರಿಗೆ ಗಂಟೆಗೆ 38 ರೂಪಾಯಿ 50 ಪೈಸೆ. ಹಣ ಮೂರು ಕಂತಿನಲ್ಲಿ ಬರುತ್ತಿತ್ತು. ಬ್ಯಾಚ್ ಶುರುವಾದಾಗ 30 ಪರ್ಸೆಂಟ್, ಸರ್ಟಿಫಿಕೇಟ್ ಆದ ಮೇಲೆ 50, ಕೆಲಸ ಸಿಕ್ಕ ಮೇಲೆ 20. ಆ ಕೊನೆಯ 20 ಪೂರ್ತಿ ಸಿಗಬೇಕಾದರೆ ಪಾಸಾದವರಲ್ಲಿ 70 ಪರ್ಸೆಂಟ್ ಜನ ಕೆಲಸದಲ್ಲಿರಬೇಕಿತ್ತು. 50ಕ್ಕಿಂತ ಕಡಿಮೆಯಾದರೆ ಏನೂ ಇಲ್ಲ. ನ್ಯಾಯವೇ, ಇಲ್ಲ ಅನ್ನಲ್ಲ. ಕೆಲಸ ಕೊಡಿಸದವನಿಗೆ ದುಡ್ಡು ಯಾಕೆ? ಆದರೆ ಕಂತು ಬರುವ ತನಕ ಬಾಡಿಗೆ, ಸಂಬಳ, ಹಾಸ್ಟೆಲಿನ ಅಕ್ಕಿ ಬೇಳೆಗೆ ಕೈಯಿಂದ ಹಾಕಬೇಕಿತ್ತು. ಗಂಟು ಇದ್ದವರಿಗೆ ಆಗುವ ಮಾತು. ಮಾಸ್ತರರು ತಮ್ಮ ಪೆನ್ಷನ್ ಲೆಕ್ಕ ಹಾಕಿದರು. ಅವರ ಮನೆಯವರು ಅಡುಗೆಮನೆಯಿಂದ ಒಂದು ಸಲ ಕೆಮ್ಮಿದರು. ಅಲ್ಲಿಗೆ ಮುಗಿಯಿತು.

2023ರ ಕೊನೆಯಲ್ಲಿ ಬೆಂಗಳೂರಿನ ಉನ್ನತಿ ಫೌಂಡೇಶನ್, ಸಮಾಜಸೇವೆ ಮಾಡುವ ಸಂಸ್ಥೆಗಳು ಹಣ ಎತ್ತುವ ಷೇರುಪೇಟೆಯಾದ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ಹಣ ಎತ್ತಿದ ಸುದ್ದಿ ಓದಿದೆ. ದೇಶದಲ್ಲೇ ಮೊದಲು ಅಲ್ಲಿ ಲಿಸ್ಟ್ ಆದ ಸಂಸ್ಥೆ ಅದು, ಅವರದ್ದೂ ಯುವಕರ ಉದ್ಯೋಗ ತರಬೇತಿಯೇ. ನಮಗೂ ಆಗುತ್ತಾ ಅಂತ ಆಸೆಯಿಂದ ನಿಯಮ ತೆಗೆದು ನೋಡಿದೆ. ಹಿಂದಿನ ವರ್ಷ ಕನಿಷ್ಠ 50 ಲಕ್ಷ ಖರ್ಚು ಮಾಡಿದ ಸಂಸ್ಥೆ ಆಗಿರಬೇಕು. ಫೋನ್ ಕೆಳಗಿಟ್ಟೆ.

ಆದರೆ ಆ ಸರ್ಕಾರಿ ಮಾರ್ಗಸೂಚಿ ಓದಿದ್ದು ದಂಡವಾಗಲಿಲ್ಲ. ನಿಜ ಹೇಳಬೇಕೆಂದರೆ ಈ ಬರಹ ಬರೆಯಲು ಕಾರಣವೇ ಅದು.

ಡಿಡಿಯು-ಜಿಕೆವೈ ಅಂತ ಒಂದು ಯೋಜನೆ ಇದೆ. ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ, 2014ರ ಸೆಪ್ಟೆಂಬರಿನಲ್ಲಿ ಶುರುವಾದದ್ದು, ಹಳ್ಳಿಯ ಬಡ ಮನೆಗಳ ಯುವಕರಿಗಾಗಿ. ಅದರ ಮಾರ್ಗಸೂಚಿಯನ್ನು ಒಂದು ರಾತ್ರಿ ಸುಮ್ನೆ ತಿರುವಿಹಾಕುತ್ತಿದ್ದೆ. ಕರೆಂಟ್ ಬೇರೆ ಇರಲಿಲ್ಲ, ಮೊಬೈಲ್ ಬೆಳಕಿನಲ್ಲಿ. ಒಂದು ಕಡೆ ಕಣ್ಣು ನಿಂತಿತು. ಕೆಲಸ ಸಿಕ್ಕ ಮೇಲಿನ ನೆರವು. ಕೆಲಸಕ್ಕೆ ಸೇರಿದವರಿಗೆ ತಿಂಗಳಿಗೆ 1,000 ರೂಪಾಯಿ. ತನ್ನ ಜಿಲ್ಲೆಯಲ್ಲೇ ಕೆಲಸವಾದರೆ ಎರಡು ತಿಂಗಳು, ರಾಜ್ಯದೊಳಗಾದರೆ ಮೂರು, ಹೊರರಾಜ್ಯಕ್ಕೆ ಹೋದರೆ ಆರು ತಿಂಗಳು.

ನನ್ನ 27ನೇ ಸಾಲು! ದೆಹಲಿಯಲ್ಲಿ ಕೂತ ಯಾರೋ ಒಬ್ಬ ಅಧಿಕಾರಿಗೆ ಅದು ಮೊದಲೇ ಹೊಳೆದಿತ್ತು. ಅವರ ಊರಿನಲ್ಲೂ ಒಬ್ಬ ಹುಡುಗ ಬನ್ನು ತಿಂದು ವಾಪಸ್ ಬಂದಿದ್ದನೋ ಏನೋ.

ಮಾಸ್ತರರಿಗೆ ಹೇಳಿದೆ. ಅವರು ಉಜಿರೆಯ ಕತೆ ತೆಗೆದರು. ಅವರದ್ದು ಯಾವಾಗಲೂ ಹಾಗೇ, ಏನು ಹೇಳಿದರೂ ಉಜಿರೆಗೆ ಹೋಗಿ ನಿಲ್ಲುತ್ತಾರೆ. 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಜತೆ ಸೇರಿ ಅಲ್ಲಿ ಹಳ್ಳಿಯ ಯುವಕರಿಗೆ ಸ್ವಂತ ಉದ್ಯೋಗ ಕಲಿಸುವ ರುಡ್‌ಸೆಟ್ ಸಂಸ್ಥೆ ಕಟ್ಟಿದರು. ಅದನ್ನೇ ನೋಡಿ ಮುಂದೆ ಕೇಂದ್ರ ಸರ್ಕಾರ ಜಿಲ್ಲೆಗೊಂದು ಅಂಥದ್ದೇ ತರಬೇತಿ ಕೇಂದ್ರ, ಆರ್‌ಸೆಟಿ, ಮಾಡಿತು. "ಅಲ್ಲಿ ತರಬೇತಿ ಮುಗಿದ ಮ್ಯಾಲೂ ಎರಡು ವರ್ಷ ಹುಡುಗರ ಬೆನ್ನ ಹಿಂದ ಇರ್ತಾರ. ಸಾಲ ಸಿಕ್ತೋ ಇಲ್ಲೋ, ಅಂಗಡಿ ನಡೀತೈತೋ ಇಲ್ಲೋ ನೋಡ್ತಾರ. ನಾವು ಫೋಟೋ ತೆಗೆದು ಟ್ರೇನ್ ಹತ್ತಿಸಿ ಕೈ ತೊಳಕೊಂಡೀವಿ" ಅಂದರು. "ನಾವು" ಅಂದದ್ದು ದೊಡ್ಡ ಮನಸ್ಸು. ಟ್ರೇನ್ ಹತ್ತಿಸಿದ್ದು ನಾನು.

ಮುಂದಿನ ವರ್ಷದ ಪ್ರಪೋಸಲ್‌ನಲ್ಲಿ ಎರಡು ಬದಲಾವಣೆ ಮಾಡಿದೆ. ಒಂದು, ಆ ಸಾಲಿನ ಹೆಸರು. "ಮೊದಲ ತಿಂಗಳ ಖರ್ಚು" ಹೋಗಿ "ಪೋಸ್ಟ್ ಪ್ಲೇಸ್‌ಮೆಂಟ್ ಸಪೋರ್ಟ್" ಆಯಿತು. ಪಕ್ಕದಲ್ಲಿ ಸರ್ಕಾರಿ ಮಾರ್ಗಸೂಚಿಯ ಉಲ್ಲೇಖ. ಎರಡನೆಯದು, ಹಳೆಯ ಬ್ಯಾಚಿನ ನಿಜವಾದ ಲೆಕ್ಕ. 26ರಲ್ಲಿ 11. ಇದನ್ನು ಬರೆಯುವಾಗ ಕೈ ನಡುಗಿತು ಅಂದರೆ ಸುಳ್ಳಲ್ಲ. ಮಾಸ್ತರರು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತರು. "ಹೋದ್ರ ಹೋಗಲಿ, ಬರಿ" ಅಂದರು.

ಮೀಟಿಂಗ್ ಒಂಬತ್ತನೇ ಮಹಡಿಯಲ್ಲಿ. ಬೇರೆ ಕಂಪನಿ, ಹಿಂದಿನದ್ದಲ್ಲ. ನಾಲ್ಕು ಜನ ಇದ್ದರು. ಅವರಲ್ಲಿ ವಯಸ್ಸಾದವರೊಬ್ಬರು ಫೈನಾನ್ಸಿನವರು, ಮಾತು ಕಡಿಮೆ. ಉಳಿದವರು ಸ್ಲೈಡ್ ನೋಡುತ್ತಿದ್ದರೆ ಅವರು ಕಾಗದ ಓದುತ್ತಿದ್ದರು.

"ಹನ್ನೊಂದೇ ಉಳಿದದ್ದಾ?" ಅಂದರು.

ಹೌದು ಸರ್ ಅಂದೆ.

"ಉಳಿದ ಎಲ್ಲರೂ ನೈಂಟಿ ಪರ್ಸೆಂಟ್ ಅಂತ ಬರೀತಾರಲ್ಲಮ್ಮ."

ಏನು ಹೇಳಬೇಕು ಅಂತ ತಿಳಿಯಲಿಲ್ಲ. ಹುಡುಗನ ಕತೆ ಹೇಳಿದೆ. ಮೂವತ್ತಾರು ದಿನದ ಲೆಕ್ಕ ಹೇಳಿದೆ. ಬನ್ನಿನ ವಿಷಯ ಬಂದಾಗ ಅವರು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. ತಾವು ಬೆಂಗಳೂರಿಗೆ ಬಂದ ಹೊಸದರಲ್ಲಿ ಚಿಕ್ಕಪ್ಪನ ಮನೆಯ ವರಾಂಡದಲ್ಲಿ ಎಂಟು ತಿಂಗಳು ಮಲಗಿದ್ದಾಗಿ ಹೇಳಿದರು. "ನನಗೆ ಚಿಕ್ಕಪ್ಪ ಇದ್ದರು" ಅಂದರು, ಅಷ್ಟೇ.

ಸಾಲು ಪಾಸಾಯಿತು. 4,500 ಅಲ್ಲ, 4,000. ಜತೆಗೊಂದು ಷರತ್ತು: ಪ್ರತಿ ಖರ್ಚಿಗೂ ಬಿಲ್ ಬೇಕು.

ಇಲ್ಲಿಂದ ಶುರುವಾಯಿತು ನೋಡಿ ನಿಜವಾದ ಮಜಾ. ಹುಡುಗ ಬೆಂಗಳೂರಿಗೆ ಹೋಗಿ ಮೊದಲ ದಿನ ಏನೇನು ತಗೊಳ್ಳುತ್ತಾನೆ? ಒಂದು ಚಾಪೆ, ಒಂದು ಬಕೆಟ್, ಒಂದು ಮಗ್, ಒಂದು ಬೀಗ. ರೂಮಿನಲ್ಲಿ ಮೊದಲಿದ್ದವರಿಗೆ ಅಡ್ವಾನ್ಸಿನ ಪಾಲು. ಮೆಸ್ಸಿಗೆ ಹದಿನೈದು ದಿನದ ದುಡ್ಡು. ಇದರಲ್ಲಿ ಯಾವುದಕ್ಕೆ ಬಿಲ್ ಸಿಗುತ್ತದೆ? ಬಕೆಟ್ ತಗೊಂಡದ್ದು ತಳ್ಳುಗಾಡಿಯಲ್ಲಿ. ಮೆಸ್ಸಿನ ಅಕ್ಕ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿಕೊಳ್ಳುತ್ತಾಳೆ. ಒಬ್ಬ ಹುಡುಗಿ ಪಾಪ ತಳ್ಳುಗಾಡಿಯವನ ಹತ್ತಿರ ಚೀಟಿ ಬರೆಸಿಕೊಂಡು ಸಹಿ ಹಾಕಿಸಿಕೊಂಡು ಫೋಟೋ ಕಳಿಸಿದ್ದಳು. ಸಿಗರೇಟ್ ಪ್ಯಾಕಿನ ಹಿಂಬದಿ ಅದು: "ಬಕೀಟು 1, 140 ರೂ." ನಮ್ಮ ಸಿಎ ಅದನ್ನು ನೋಡಿ ನಕ್ಕವರು ಆಮೇಲೆ ಗಂಭೀರವಾಗಿ "ಇದು ನಡೆಯಲ್ಲ" ಅಂದರು.

ಎರಡು ತಿಂಗಳು ಓಡಾಡಿ ಒಂದು ದಾರಿ ಕಂಡುಕೊಂಡೆವು. ಹಣ ನೇರವಾಗಿ ಹುಡುಗರ ಬ್ಯಾಂಕ್ ಖಾತೆಗೆ, ಎರಡು ಸಲ. ಕೆಲಸಕ್ಕೆ ಹೊರಡುವ ಹಿಂದಿನ ದಿನ 2,500, ಹದಿನೈದನೇ ದಿನ 1,500. ಎರಡನೆಯ ಸಲದ್ದಕ್ಕೆ ಹಾಜರಿ ಫೋಟೋ ಅಥವಾ ಗೇಟ್ ಪಾಸ್ ಕಳಿಸಬೇಕು. ಹಣ ಬಂದಿದೆ ಎಂದು ಒಂದು ಹಾಳೆಯಲ್ಲಿ ಸಹಿ. ಬ್ಯಾಂಕ್ ಸ್ಟೇಟ್‌ಮೆಂಟೇ ಪುರಾವೆ. ಇದನ್ನು ಎಂಓಯುನಲ್ಲೇ, ಅಂದರೆ ಕಂಪನಿ ಜತೆಗಿನ ಒಪ್ಪಂದದಲ್ಲೇ, ಮೊದಲು ಬರೆಸಿಕೊಳ್ಳಬೇಕು, ಆಮೇಲೆ ಕೇಳಿದರೆ ಆಗುವುದಿಲ್ಲ. ಪ್ರಪೋಸಲ್ ಬರೆಯುವ ಗೆಳೆಯರಿಗೆ ನಾನು ಕೈಮುಗಿದು ಹೇಳುವ ಮಾತು ಇದೊಂದೇ.

ಆ ಬ್ಯಾಚಿನಿಂದ ಕೆಲಸಕ್ಕೆ ಹೋದವರು 28. ಮೂರು ತಿಂಗಳಾದ ಮೇಲೆ ಇದ್ದವರು 19. ಇದೆಲ್ಲ ನಾಲ್ಕು ಸಾವಿರ ರೂಪಾಯಿಯ ಮಹಿಮೆ ಅಂತ ನಾನು ಹೇಳಲ್ಲ. ಈ ಸಲ ಹದಿನೈದನೇ ದಿನ ಫೋನ್ ಮಾಡಲು ಒಂದು ನೆಪ ಇತ್ತು. ಹುಡುಗರೂ ಫೋನ್ ಎತ್ತುತ್ತಿದ್ದರು, ದುಡ್ಡಿನ ವಿಷಯ ಅಲ್ವಾ. ಎತ್ತಿದ ಮೇಲೆ ಬೇರೆ ಮಾತೂ ಬರುತ್ತಿತ್ತು. ಸೂಪರ್‌ವೈಸರ್ ಬೈತಾನೆ, ನೈಟ್ ಶಿಫ್ಟ್ ಆಗಲ್ಲ, ರೂಮಿನಲ್ಲಿ ತಿಗಣೆ. ಅರ್ಧ ತಾಸು ಕೇಳಿಸಿಕೊಂಡರೆ ಇನ್ನೊಂದು ವಾರ ನಿಲ್ಲುತ್ತಿದ್ದರು. ವಾಪಸ್ ಬಂದ ಒಂಬತ್ತು ಜನರಲ್ಲಿ ಮೂವರು ಬಿತ್ತನೆಗೆ ಬಂದವರು. ಇಬ್ಬರು ಹುಡುಗಿಯರಿಗೆ ಮದುವೆ ಗೊತ್ತಾಯಿತು. ಅದಕ್ಕೆ ಯಾವ ಸಾಲು ಬರೆಯುವುದು?

ಮೊನ್ನೆ ಕುಷ್ಟಗಿ ಬಸ್ ಸ್ಟ್ಯಾಂಡ್ ಹತ್ತಿರ ಆ ಮೊದಲ ಹುಡುಗ ಸಿಕ್ಕಿದ್ದ. ಟಂಟಂ ಓಡಿಸುತ್ತಾನೆ. ಸಾಲದ ಗಾಡಿ. ತುಸು ದಪ್ಪಗಾಗಿದ್ದಾನೆ. ಚಹಾ ಕುಡಿಸಿದ. ಆಗ ನಾಲ್ಕು ಸಾವಿರ ಇದ್ದಿದ್ದರೆ ಅಲ್ಲೇ ಇರ್ತಿದ್ದಿ ಅಲ್ವಾ ಅಂತ ಕೇಳಿಬಿಟ್ಟೆ. ಇಷ್ಟು ವರ್ಷ ಒಳಗೇ ಇಟ್ಟುಕೊಂಡ ಪ್ರಶ್ನೆ. ಅವನು ಯೋಚನೆ ಮಾಡಿದ.

"ಇರ್ತಿದ್ನೇನೋ ಅಕ್ಕಾರ. ಇದೂ ಚಲೋನ ಐತ್ರಿ. ಆದ್ರ ಅವತ್ತು ಅಪ್ಪಾಗ ಮಾರಿ ತೋರ್ಸಾಕ ಭಾಳ ತ್ರಾಸಾತ್ರಿ."

ಚಹಾದ ದುಡ್ಡು ಕೊಡಲು ಹೋದರೆ ಬಿಡಲಿಲ್ಲ.

ಈ ವಾರ ಹೊಸ ವರ್ಷದ ಬಜೆಟ್ ಕಳಿಸಿದ್ದೇನೆ. ಆ ಸಾಲು ಈಗ 19ನೇ ನಂಬರಿಗೆ ಏರಿದೆ. ಫೈನಾನ್ಸಿನ ಹಿರಿಯರು ರಿಟೈರ್ ಆದರಂತೆ. ಅವರ ಜಾಗಕ್ಕೆ ಬಂದವರು ನಿನ್ನೆ ಸಂಜೆ ಫೋನ್ ಮಾಡಿದ್ದರು, ತುಂಬ ಮರ್ಯಾದೆಯಿಂದ ಮಾತಾಡಿದರು. ಹಳೆಯ ಫೈಲೆಲ್ಲ ಓದಿದ್ದಾರಂತೆ, ಕೆಲಸ ಚೆನ್ನಾಗಿದೆಯಂತೆ. ಒಂದೇ ಒಂದು ಡೌಟು.

"ಮೇಡಂ, ಹಳೇ ಫೈಲಲ್ಲಿ ಸಿಗರೇಟ್ ಪ್ಯಾಕಿನ ಫೋಟೋ ಒಂದಿದೆಯಲ್ಲ. ಅದೇನು?"

ಕುರ್ಚಿ ಎಳೆದುಕೊಂಡು ಕೂತೆ. ಮೂವತ್ತಾರು ದಿನದ ಲೆಕ್ಕದಿಂದ ಶುರು ಮಾಡಿದೆ.